ಮನೆಯ ಮುಂದಣ ಬೀದಿ ಯಾರದು?

ಹಿಂದೆ ಮನೆ ಕೊಳ್ಳಹೊರಟವರು ಬಾವಿಯ ನೀರು ಸಿಹಿಯೋ ಸವುಳೋ, ನೆರೆಹೊರೆಯವರು ಎಂಥವರು, ತಲೆಬಾಗಿಲು ಯಾವ ದಿಕ್ಕಿಗಿದೆ ಎಂದು ವಿಚಾರಿಸುತ್ತಿದ್ದರು. ಈಗ ನಮ್ಮ ಹೆಗ್ಗಡದೇವನಕೋಟೆಯಲ್ಲಿಯೂ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳಲ್ಲಿಯೂ ಮೊತ್ತಮೊದಲು ಕೇಳುವ ಪ್ರಶ್ನೆ ಬೇರೆ: “ಕಾರು ಒಳಗೆ ಹೋಗುತ್ತದೆಯೆ?” ಈ ಪ್ರಶ್ನೆಯನ್ನು ನಾನು ಆಕ್ಷೇಪಿಸತಕ್ಕವನಲ್ಲ. ತನ್ನ ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸದೆ ತನ್ನ ಸ್ವಂತ ನೆಲದಲ್ಲಿ ನಿಲ್ಲಿಸಬೇಕೆಂದು ಬಯಸುವ ಗೃಹಸ್ಥನು ಊರಿಗೆ ಉಪಕಾರವನ್ನೇ ಮಾಡಬಯಸುತ್ತಾನೆ. ನನ್ನ ಜಗಳವೇನಿದ್ದರೂ ಆ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಸಿಕ್ಕುತ್ತಿರುವ ಉತ್ತರದ ಮೇಲೆ. ಮರ ಅಡ್ಡವಿದ್ದರೆ ಕಡಿಸಿದರಾಯಿತು, ಕಂಬ ಅಡ್ಡವಿದ್ದರೆ ಕೀಳಿಸಿದರಾಯಿತು, ಚರಂಡಿ ಅಡ್ಡವಿದ್ದರೆ ಮುಚ್ಚಿದರಾಯಿತು ಎಂಬುದೇ ಆ ಉತ್ತರ. ಒಳಗಿನ ಹತ್ತಡಿ ಜಾಗಕ್ಕಾಗಿ ಹೊರಗಿನ ಬೀದಿಯನ್ನು ಬಲಿ ಕೊಡುವ ಈ ಪದ್ಧತಿಯು ಅನ್ಯಾಯವೆಂದೂ, ಅದನ್ನು ಮೊದಲು ಬಿಡಬೇಕಾದವರು ಓದಿಕೊಂಡ ಮನೆತನದವರಾದ ನಾವೇ ಎಂದೂ ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

ಇದನ್ನು ಬರೆಯುವುದಕ್ಕೆ ಪ್ರೇರಕವಾದ ಪ್ರಸಂಗವನ್ನು ಮರೆಮಾಚದೆ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಕೆಲಸದಲ್ಲಿರುವ ನನ್ನ ಎರಡನೆಯ ಮಗನು ವೃದ್ಧರಾದ ನಮಗೆ ಸಮೀಪವಾಗಿರಬೇಕೆಂಬ ಸದುದ್ದೇಶದಿಂದ ಕೋಟೆಯಲ್ಲಿಯೇ ಒಂದು ಹಳೆಯ ಮನೆಯನ್ನು ನೋಡಿದ್ದಾನೆ. ಮೂವತ್ತು-ನಲವತ್ತರ ನಿವೇಶನ, ಕಾಂಪೌಂಡಿನಿಂದ ಎದುರು ಕಾಂಪೌಂಡಿಗೆ 20 ಅಡಿಯ ಬೀದಿ. ಮನೆಯ ಮುಂದೆ ಒಬ್ಬರ ತೋಳಿಗೆ ನಿಲುಕದಷ್ಟು ದಪ್ಪದ ಹೊಂಗೆಯ ಮರ. ಅದರ ಬಲಕ್ಕೆ ವಿದ್ಯುತ್ ಕಂಬ, ಕಂಬದಿಂದ ಓರೆಯಾಗಿ ನೆಲಕ್ಕೆ ಬಿಗಿದ ಸ್ಟೇ ತಂತಿ. ಮನೆಗೂ ಬೀದಿಗೂ ನಡುವೆ ಎರಡಡಿ ಅಗಲದ ಕಲ್ಲುಕಟ್ಟಡದ ಚರಂಡಿ. ಮನೆಯ ನೆಲವೋ ಬೀದಿಗಿಂತ ಎರಡೂವರೆ ಅಡಿ ಎತ್ತರ. ಬೀದಿಯ ಕಡೆಯ ಕೊಠಡಿಯೊಂದನ್ನು ತೆಗೆದು ಅಲ್ಲಿ ಕಾರು ನಿಲ್ಲಿಸಬೇಕೆಂಬುದು ಅವನ ಯೋಜನೆ. ಮನೆ ತೋರಿಸಿದ ದಲ್ಲಾಳಿಯು ನನ್ನ ಮುಖವನ್ನು ನೋಡಿ, “ಮೇಷ್ಟ್ರೇ, ಇದೆಲ್ಲ ಒಂದು ಮಾತಾ? ಮರಕ್ಕೊಂದು ಅರ್ಜಿ, ಕಂಬಕ್ಕೊಂದು ಅರ್ಜಿ. ಮೋರಿ ಮೇಲೆ ನಾಕು ಚಪ್ಪಡಿ ಎಳೆದ್ರೆ ಮುಗೀತು. ಬೀದೀಲೆಲ್ಲ ಹಂಗೇ ಮಾಡವ್ರೆ” ಎಂದನು. ಬೀದಿಯಲ್ಲಿ ಕಣ್ಣಾಡಿಸಿದೆನು, ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾನು ಆಕ್ಷೇಪಿಸಲು ಮಗನು, “ಅಪ್ಪಾ, ಎಲ್ಲಕ್ಕೂ ಶಾಸ್ತ್ರ ತೆಗೀಬೇಡಿ, ಮುಂಗಡ ಕೊಟ್ಟಾಗಿದೆ” ಎಂದನು. ಶಾಸ್ತ್ರವನ್ನು ಓದಿದ ತಪ್ಪಿಗೆ ಶಾಸ್ತ್ರವನ್ನು ತೆಗೆಯದೆ ನನಗೆ ಗತಿಯಿಲ್ಲ. ಅದು ಮುಂದೆ ಬರುತ್ತದೆ.

ಮೊದಲು ಕಾಗದಪತ್ರದ ಮಾತು. ಕ್ರಯಪತ್ರದಲ್ಲಿ ಚಕ್ಕುಬಂದಿಯೆಂಬುದು ಒಂದಿರುತ್ತದೆಯಷ್ಟೆ: ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ಇಂಥವರ ನಿವೇಶನ, ದಕ್ಷಿಣಕ್ಕೆ ಓಣಿ, ಪೂರ್ವಕ್ಕೆ ರಸ್ತೆ. ಈ “ಪೂರ್ವಕ್ಕೆ ರಸ್ತೆ” ಎಂಬ ಎರಡು ಪದಗಳನ್ನು ಓದಿ ಕೊಳ್ಳುವವನು ತನಗೆ ಬೀದಿಯೂ ಸೇರಿ ಕ್ರಯವಾಯಿತೆಂದು ಭಾವಿಸುವಂತೆ ಕಾಣುತ್ತದೆ. ಆದರೆ ಚಕ್ಕುಬಂದಿಯ ಅರ್ಥವು ಇದಕ್ಕೆ ನೇರವಾಗಿ ವಿರುದ್ಧವಾದುದು. ಎಲ್ಲಿ ಬೀದಿ ಆರಂಭವಾಗುತ್ತದೆಯೋ ಅಲ್ಲಿ ನಿನ್ನ ಸ್ವತ್ತು ಮುಗಿಯಿತು ಎಂಬುದೇ ಆ ಪದಗಳ ಅಭಿಪ್ರಾಯ. ಪಶ್ಚಿಮದ ಮನೆಯವರ ಗೋಡೆಯನ್ನು ಒಡೆಯಲು ನಮಗೆಷ್ಟು ಅಧಿಕಾರವುಂಟೋ ಪೂರ್ವದ ಬೀದಿಯ ಚರಂಡಿಯನ್ನು ಮುಚ್ಚಲು ಅಷ್ಟೇ ಅಧಿಕಾರವುಂಟು. ಪಶ್ಚಿಮದವರು ದೊಣ್ಣೆ ಹಿಡಿದು ಬರುತ್ತಾರೆ, ಬೀದಿಯು ಬರುವುದಿಲ್ಲ, ವ್ಯತ್ಯಾಸ ಇಷ್ಟೇ.

ಇದಕ್ಕೆ ಪೂರ್ವಪಕ್ಷದವರು ಹೇಳುವ ಮಾತನ್ನು ನ್ಯಾಯವಾಗಿ ಮುಂದಿಡುವುದು ಕರ್ತವ್ಯ. “ನಮ್ಮ ಹಿರಿಯರೂ ಗಾಡಿಗಳನ್ನು ಬೀದಿಯಲ್ಲಿಯೇ ಬಿಡುತ್ತಿರಲಿಲ್ಲವೆ? ಎತ್ತುಗಳನ್ನು ಕೊಟ್ಟಿಗೆಗೆ ಕಟ್ಟಿ, ಮೂಕಿಯನ್ನು ಕೆಳಗಿಳಿಸಿ, ಗಾಡಿಯನ್ನು ಮನೆಯ ಮುಂದೆ ನಿಲ್ಲಿಸುತ್ತಿರಲಿಲ್ಲವೆ? ಮನೆಯ ಮುಂದಣ ಜಗಲಿಯೂ ಬೀದಿಗೆ ಚಾಚಿಕೊಂಡಿರಲಿಲ್ಲವೆ?” ಎನ್ನುತ್ತಾರೆ. ನಿಲ್ಲಿಸುತ್ತಿದ್ದರು, ಚಾಚಿಕೊಂಡಿತ್ತು, ನನ್ನ ಬಾಲ್ಯದಲ್ಲಿ ಅಂಥ ಗಾಡಿಗಳ ಕೆಳಗೆ ನಾವು ಕಣ್ಣುಮುಚ್ಚಾಲೆ ಆಡಿದ್ದೇವೆ. ಆದರೆ ಬೆಳಗಾದರೆ ಗಾಡಿ ಹೊಲಕ್ಕೆ ಹೊರಟುಹೋಗುತ್ತಿತ್ತು; ಬೀದಿಯು ಹಗಲಲ್ಲಿ ಬೀದಿಯಾಗಿಯೇ ಇರುತ್ತಿತ್ತು. ಗಾಡಿಗಾಗಿ ಯಾರೂ ಗಾರೆಗಲ್ಲಿನಿಂದ ಬೀದಿಯನ್ನು ಕಟ್ಟಿಸಿಕೊಳ್ಳಲಿಲ್ಲ. ಇನ್ನು ಜಗಲಿಯ ಮಾತು. ಜಗಲಿಯು ಮನೆಯವರ ಖರ್ಚಿನಿಂದ ಆದುದು. ಅನುಭವಿಸುತ್ತಿದ್ದವರು ಮಾತ್ರ ದಾರಿಹೋಕರು. ಬಿಸಿಲಿಗೆ ಬಳಲಿದವನು ಕುಳಿತುಕೊಳ್ಳುತ್ತಿದ್ದನು, ಮಳೆಗೆ ಸಿಕ್ಕಿದವನು ನಿಲ್ಲುತ್ತಿದ್ದನು, ಪರಸ್ಥಳದವನು ಒಂದಿರುಳು ಮಲಗಿ ಎದ್ದು ಹೋಗುತ್ತಿದ್ದನು. ಈಗಿನ ಇಳಿಜಾರು ಚಪ್ಪಡಿಯಾದರೋ ಬೀದಿಯವರ ನೆಲದ ಮೇಲೆ ಆದುದು; ಅನುಭವಿಸುವವನು ಮನೆಯವನೊಬ್ಬನೇ. ಅದರ ಮೇಲೆ ಯಾರೂ ಕುಳಿತುಕೊಳ್ಳಬಾರದೆಂದು ಗಾಜಿನ ಚೂರುಗಳನ್ನು ನೆಟ್ಟ ಮಹನೀಯರನ್ನೂ ನಾನು ಕಂಡಿದ್ದೇನೆ. ಜಗಲಿಯ ಹೆಸರು ಹೇಳಿ ಇದನ್ನು ಸಮರ್ಥಿಸುವುದು ಸಾಲ ಕೊಟ್ಟವನನ್ನು ತೋರಿಸಿ ಕಳವನ್ನು ಸಮರ್ಥಿಸಿದಂತೆ.

ಈ ಇಳಿಜಾರಿನ ಲೆಕ್ಕವನ್ನು ಸ್ವಲ್ಪ ಗಣಿತರೀತ್ಯಾ ನೋಡೋಣ. ಮಗನು ಕೊಳ್ಳಹೊರಟ ಮನೆಯ ನೆಲ ಬೀದಿಗಿಂತ ಎರಡೂವರೆ ಅಡಿ ಮೇಲಿದೆ. ಕಾರು ತಳ ಉಜ್ಜದೆ ನೆಟ್ಟಗೆ ಏರಬೇಕಾದರೆ ಒಂದಡಿಯ ಏರಿಗೆ ಆರಡಿಯ ಓಟವನ್ನಾದರೂ ಕೊಡಬೇಕು. ಆಗ ಇಳಿಜಾರಿನ ಉದ್ದ 15 ಅಡಿ. ಕಾಂಪೌಂಡಿನ ಒಳಗಡೆ ಇರುವುದು 6 ಅಡಿ ಮಾತ್ರ. ಉಳಿದ 9 ಅಡಿಯು ಎಲ್ಲಿಂದ ಬರಬೇಕು? ಬೀದಿಯಿಂದ. ನನ್ನ ಮಗನಿಗೆ ಇರುವ ಹಕ್ಕೇ ಎದುರುಮನೆಯವರಿಗೂ ಇರುವುದಾದ್ದರಿಂದ ಅವರೂ 9 ಅಡಿ ತೆಗೆದುಕೊಂಡರೆ 20 ಅಡಿಯ ಬೀದಿಯಲ್ಲಿ ಉಳಿಯುವುದು 2 ಅಡಿ. ಅದರಲ್ಲಿ ಕಾರು ಬರುವ ಮಾತಿರಲಿ, ಕರು ಬರುವುದೂ ಕಷ್ಟ. “ಅಷ್ಟು ಉದ್ದ ಯಾರೂ ಕಟ್ಟುವುದಿಲ್ಲ, ಕಡಿದಾಗಿ ಕಟ್ಟಿ ಐದಡಿಗೆ ನಿಲ್ಲಿಸುತ್ತಾರೆ” ಎಂದರೆ, ಎರಡು ಕಡೆಯ ಐದೈದು ಅಡಿ ಕೂಡಿ ಅರ್ಧ ಬೀದಿಯಾಯಿತು. ಕಾರುಗಳನ್ನು ಬೀದಿಯಿಂದ ತೆಗೆಯಬೇಕೆಂದು ಹೊರಟು ಬೀದಿಯನ್ನೇ ತೆಗೆದಂತಾಯಿತು. ಬೀದಿಯ ಅಂಚಿನಲ್ಲಿ ಕಾರು ನಿಂತಿದ್ದರೆ ಸಂಜೆಗಾದರೂ ಹೋದೀತೆಂಬ ಆಸೆಯುಂಟು, ಕಾಂಕ್ರೀಟಿಗೆ ಚಕ್ರಗಳಿಲ್ಲ.

ಇನ್ನು ಚರಂಡಿಯ ವಿಚಾರ. ಈ ಭಾಗವನ್ನು ಬರೆಯುವಾಗ ನನ್ನ ಲೇಖನಿ ಸ್ವಲ್ಪ ತಡೆಯುತ್ತದೆ. ಏಕೆಂದರೆ ಇಲ್ಲಿ ನಾನೂ ಅಪರಾಧಿ. 1994ನೆಯ ಇಸವಿಯಲ್ಲಿ, ಅಂದರೆ ಮೇಷ್ಟರ ಸಂಬಳದಲ್ಲಿ ಕಂತು ಕಟ್ಟಿ ನಾನೊಂದು ಸ್ಕೂಟರು ಕೊಂಡ ವರ್ಷ, ಅದನ್ನು ಅಂಗಳಕ್ಕೆ ಹತ್ತಿಸಲು ನಮ್ಮ ಮನೆಯ ಮುಂದಿನ ಚರಂಡಿಯ ಮೇಲೆ ಐದು ಕಲ್ಲುಚಪ್ಪಡಿಗಳನ್ನು ಹಾಸಿಸಿ ಸಿಮೆಂಟು ಮೆತ್ತಿಸಿದೆ. ಯಾರೂ ಕೇಳಲಿಲ್ಲ, ಶಾಲೆಯ ಮೇಷ್ಟರನ್ನು ಯಾರು ಕೇಳುತ್ತಾರೆ? ಚಪ್ಪಡಿಯ ಕೆಳಗೆ ಹೂಳು ತುಂಬಿತು. ತೆಗೆಯಲು ಬಂದ ಪೌರಕಾರ್ಮಿಕನು ಸಲಿಕೆ ಆಡಿಸಲು ಸಂದಿಲ್ಲದೆ ಅದೊಂದು ತುಂಡನ್ನು ಬಿಟ್ಟು ಮುಂದಿನ ಮನೆಗೆ ಹೋಗುತ್ತಿದ್ದನು. ಎರಡನೆಯ ವರ್ಷದ ಮುಂಗಾರಿನಲ್ಲಿ ಒಂದು ರಾತ್ರಿ ಸುರಿದ ಮಳೆಗೆ ನೀರು ನನ್ನ ಚಪ್ಪಡಿಯ ಬಾಯಲ್ಲಿ ಹೋಗಲಾರದೆ ಬೀದಿಗೆ ತಿರುಗಿ, ನಮ್ಮಿಂದ ಮೂರು ಮನೆ ತಗ್ಗಿನಲ್ಲಿ ಹೂವು ಕಟ್ಟಿ ಜೀವಿಸುತ್ತಿದ್ದ ಒಬ್ಬ ಮುದುಕಿಯ ಮನೆಗೆ ನುಗ್ಗಿತು. ಬೆಳಗ್ಗೆ ಹೋಗಿ ನೋಡಿದೆ. ಒಲೆ ಕರಗಿಹೋಗಿತ್ತು. ಅಕ್ಕಿಯ ಡಬ್ಬದೊಳಗೆ ಚರಂಡಿಯ ನೀರು. ಆಕೆ ನನ್ನನ್ನು ಬಯ್ಯಲಿಲ್ಲ. “ಮಳೆರಾಯ ಈ ಸಾರಿ ನಮ್ಮನೆ ಕಡೆ ಬಂದ್ಬುಟ್ಟ ಮೇಷ್ಟ್ರೇ” ಎಂದಳು. ಮಳೆರಾಯನಿಗೆ ದಾರಿ ತೋರಿಸಿದವನು ನಾನೆಂದು ಆಕೆಗೆ ತಿಳಿದಿರಲಿಲ್ಲ. ಹೇಳುವ ಧೈರ್ಯ ನನಗೂ ಬರಲಿಲ್ಲ. ಆ ಭಾನುವಾರ ಹಾರೆ ತರಿಸಿ ಚಪ್ಪಡಿಗಳನ್ನು ಕೀಳಿಸಿದೆ. ಅಕ್ಕಿ ಕೊಟ್ಟೆ, ಒಲೆ ಹಾಕಿಸಿಕೊಟ್ಟೆ. ಕಾರಣ ಹೇಳಲಿಲ್ಲ. ಆಕೆ ತೀರಿಕೊಂಡು ಬಹಳ ವರ್ಷಗಳಾದುವು. ಈಗ ಅಚ್ಚಿನಲ್ಲಿ ಹೇಳುತ್ತಿದ್ದೇನೆ.

ಚರಂಡಿಯೆಂದರೆ ಕೊಳಕೆಂದೂ, ಮುಚ್ಚಿದರೆ ಊರು ಶುದ್ಧವಾಯಿತೆಂದೂ ವಾದಿಸುವವರುಂಟು. ಕ್ರಮವಾಗಿ ತಳಮಟ್ಟ ಹಿಡಿದು, ಅಲ್ಲಲ್ಲಿ ಎತ್ತಲು ಬರುವ ಮುಚ್ಚಳವಿಟ್ಟು ಬೀದಿಗೆ ಬೀದಿಯನ್ನೇ ಮುಚ್ಚುವುದು ಒಂದು ವಿಧ; ಪ್ರತಿಯೊಬ್ಬನೂ ತನ್ನ ಹತ್ತಡಿಯನ್ನು ತನಗೆ ತೋಚಿದ ಎತ್ತರಕ್ಕೆ ಮುಚ್ಚುವುದು ಇನ್ನೊಂದು ವಿಧ. ಮೊದಲನೆಯದು ಊರಿನ ಕೆಲಸ, ಎರಡನೆಯದು ಊರಿನ ಗಂಟಲಿಗೆ ಗಂಟು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ನೀರಿನಲ್ಲಿ ನಿಂತಾಗ, ಐಶ್ವರ್ಯವಂತರು ಟ್ರ್ಯಾಕ್ಟರುಗಳಲ್ಲಿ ಕುಳಿತು ಮನೆಯಿಂದ ಹೊರಬಂದ ಚಿತ್ರಗಳನ್ನು ಎಲ್ಲರೂ ನೋಡಿದೆವು. ಆಮೇಲೆ ರಾಜಕಾಲುವೆಗಳ ಮೇಲಿನ ಒತ್ತುವರಿಯನ್ನು ಯಂತ್ರಗಳಿಂದ ಒಡೆಯಿಸಿದರು. ರಾಜಕಾಲುವೆಯೆಂಬುದು ಬೀದಿಯ ಚರಂಡಿಗಳೆಲ್ಲ ಕೂಡಿ ಆದುದೇ ಹೊರತು ಬೇರೆಯಲ್ಲ. ನಮ್ಮ ಕಡೆ ಮಳೆಯ ಬಲ ಎಷ್ಟೆಂಬುದನ್ನು ಕಬಿನಿಯ ದಡದವರಿಗೆ ನಾನು ಹೇಳಬೇಕಾಗಿಲ್ಲ. 2019ರ ಆಗಸ್ಟು ತಿಂಗಳನ್ನು ಯಾರೂ ಮರೆತಿಲ್ಲ.

ಶಾಸ್ತ್ರವನ್ನು ತೆಗೆಯುತ್ತೇನೆಂದು ಹೇಳಿದ್ದೆನಷ್ಟೆ. ಕೌಟಲ್ಯನ ಅರ್ಥಶಾಸ್ತ್ರವು ಬೆಳಕಿಗೆ ಬಂದುದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, ಪಂಡಿತ ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚಿಗೆ ತಂದರು. ಆ ಗ್ರಂಥದಲ್ಲಿ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯದಲ್ಲಿ ಬೀದಿಗೆ ಕಸಮಣ್ಣು ಹಾಕಿದವನಿಗೆ ಪಣದ ಎಂಟನೆಯ ಒಂದು ಪಾಲು ದಂಡವೆಂದೂ, ಕೆಸರುನೀರು ಕಟ್ಟಿ ನಿಲ್ಲುವಂತೆ ಮಾಡಿದವನಿಗೆ ಕಾಲು ಪಣವೆಂದೂ, ಅದೇ ತಪ್ಪು ರಾಜಮಾರ್ಗದಲ್ಲಾದರೆ ಇಮ್ಮಡಿಯೆಂದೂ ವಿಧಿಸಿದೆ. ಕಸಕ್ಕಿಂತ ನೀರು ಕಟ್ಟುವುದು ಇಮ್ಮಡಿ ದೋಷವೆಂಬ ತಾರತಮ್ಯವನ್ನು ವಾಚಕರು ಗಮನಿಸಬೇಕು. ಕಸವನ್ನು ಗುಡಿಸಬಹುದು, ಕಟ್ಟಿದ ನೀರು ಇನ್ನೊಬ್ಬರ ಮನೆಯನ್ನು ಹುಡುಕಿಕೊಂಡು ಹೋಗುತ್ತದೆ.

ಇನ್ನೊಂದು ಶಾಸ್ತ್ರವನ್ನು ಈಗ ಮನೆ ಕೊಳ್ಳುವವರು ತಾವಾಗಿಯೇ ಹಿಡಿದು ಬರುತ್ತಾರೆ. ಮರವೂ ಕಂಬವೂ ಮನೆಯ ಮುಂದಿದ್ದರೆ ದ್ವಾರವೇಧವೆಂದೂ, ಆದಕಾರಣ ತೆಗೆಸಲೇಬೇಕೆಂದೂ ವಾಸ್ತುವಿನವರು ಹೇಳಿದರಂತೆ. ಕಾರಿಗೆ ಅಡ್ಡವೆಂದು ಬಾಯಿಬಿಟ್ಟು ಹೇಳಲು ಸಂಕೋಚಪಡುವವರಿಗೆ ಇದು ಒಳ್ಳೆಯ ಮರೆ. ವರಾಹಮಿಹಿರನ ಬೃಹತ್ಸಂಹಿತೆಯ ವಾಸ್ತುವಿದ್ಯೆಯಲ್ಲಿ ದಾರಿ, ಮರ, ಮೂಲೆ, ಬಾವಿ, ಕಂಬ, ನೀರು ಹೊರಬೀಳುವ ಕಂಡಿ ಇವು ಬಾಗಿಲಿಗೆ ಇದಿರಾಗಿದ್ದರೆ ಶುಭವಲ್ಲವೆಂದು ಹೇಳಿರುವುದು ನಿಜ. ಆದರೆ ಅದರ ಬೆನ್ನಿಗೇ ಎತ್ತರದ ಎರಡರಷ್ಟು ನೆಲವನ್ನು ನಡುವೆ ಬಿಟ್ಟಿದ್ದರೆ ದೋಷವಿಲ್ಲವೆಂದೂ ಹೇಳಿದೆ. ಈ ಉತ್ತರಾರ್ಧವನ್ನು ದಕ್ಷಿಣೆ ಪಡೆಯುವ ಪಂಡಿತರು ಓದುವಂತೆ ಕಾಣುವುದಿಲ್ಲ. ಆಚಾರ್ಯನು ಉಪದೇಶಿಸುತ್ತಿರುವುದಾದರೂ ಯಾರಿಗೆ? ಬಾಗಿಲನ್ನು ಇಡುವವನಿಗೆ. ಬಾಗಿಲನ್ನು ಸರಿಸು, ಇಲ್ಲವೆ ಹಿಂದಕ್ಕೆ ಹೋಗು ಎಂಬುದು ಅದರ ತಾತ್ಪರ್ಯ. ಬೀದಿಯ ಮರವನ್ನು ಕಡಿ ಎಂಬ ವಿಧಿ ಅಲ್ಲಿಲ್ಲ. ದಾರಿಯೇ ವೇಧವಾದಾಗ ದಾರಿಯನ್ನು ಕೀಳಿಸುತ್ತಾರೆಯೆ?

ಮರದ ವಿಷಯದಲ್ಲಿ ಕಾಯಿದೆಯೂ ಸ್ಪಷ್ಟವಾಗಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ವೃಕ್ಷಾಧಿಕಾರಿಯ ಅಪ್ಪಣೆಯಿಲ್ಲದೆ ಬೀದಿಯ ಮರಕ್ಕೆ ಕೊಡಲಿ ಹಾಕುವಂತಿಲ್ಲ. ಆದಕಾರಣವೇ ಕೊಡಲಿ ಹಾಕದೆ ಕೊಲ್ಲುವ ವಿದ್ಯೆಗಳು ಹುಟ್ಟಿಕೊಂಡಿವೆ. ಬುಡದ ತೊಗಟೆಯನ್ನು ಸುತ್ತಲೂ ಸುಲಿಯುವುದು, ರಾತ್ರಿ ಬೇರಿಗೆ ಆಸಿಡ್ಡು ಸುರಿಯುವುದು, ಉಸಿರಾಡದಂತೆ ಕಾಂಡದವರೆಗೂ ಸಿಮೆಂಟು ತುಂಬುವುದು. ಮರ ಒಣಗಿದ ಮೇಲೆ “ಬೀಳುವ ಸ್ಥಿತಿಯಲ್ಲಿದೆ, ಪ್ರಾಣಾಪಾಯ” ಎಂದು ಅರ್ಜಿ ಬರೆಯುವವರೂ ಇವರೇ. ಅಂಥ ಅರ್ಜಿಯೊಂದನ್ನು ಶುದ್ಧ ಕನ್ನಡದಲ್ಲಿ ಬರೆದುಕೊಡೆಂದು ನನ್ನ ಬಳಿಗೇ ಬಂದಿದ್ದರು. ಕಾಗುಣಿತ ತಿದ್ದುವ ಕೆಲಸವನ್ನು ನಾನು ಆ ದಿನ ಮಾಡಲಿಲ್ಲ. ಇಷ್ಟರ ಮೇಲೂ, ಮರ ಹೋದ ಮನೆಯವನು ಆಮೇಲೆ ಮಾಡುವುದೇನು? ಬಿಸಿಲಿಗೆ ಕಾರಿನ ಬಣ್ಣ ಹೋಗುತ್ತದೆಂದು ತಗಡಿನ ಚಪ್ಪರವನ್ನು ಬೀದಿಯ ಮೇಲಕ್ಕೆ ಚಾಚುತ್ತಾನೆ.

ಕಂಬದ ವಿಷಯದಲ್ಲಿ ಮಾತ್ರ ನಾನು ಪೂರ್ವಪಕ್ಷದವರೊಡನೆ ಅರ್ಧ ದೂರ ಬರುತ್ತೇನೆ. ಮರವನ್ನು ಯಾರೋ ಪುಣ್ಯಾತ್ಮರು ನೆಟ್ಟರು, ಚರಂಡಿ ತಗ್ಗನ್ನು ಅನುಸರಿಸಿ ಹೋಯಿತು. ಕಂಬವನ್ನೋ, ಗುಂಡಿ ತೋಡಲು ಎಲ್ಲಿ ಮಣ್ಣು ಮೆದುವಾಗಿತ್ತೋ ಅಲ್ಲಿ ನೆಟ್ಟು ಹೋದಂತಿದೆ. ಎರಡು ನಿವೇಶನಗಳ ಗಡಿಯ ನೇರಕ್ಕೆ ನೆಟ್ಟಿದ್ದರೆ ಯಾರ ಬಾಗಿಲಿಗೂ ಅಡ್ಡವಾಗುತ್ತಿರಲಿಲ್ಲ. ಅಂಥ ಕಂಬವನ್ನು ಸ್ಥಳಾಂತರಿಸಬೇಕೆಂದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಅರ್ಜಿ ಹಾಕುವುದು ತಪ್ಪಲ್ಲ. ಅದರ ವೆಚ್ಚವನ್ನು ಅರ್ಜಿದಾರನೇ ಭರಿಸಬೇಕೆಂಬ ನಿಯಮವೂ ತಪ್ಪಲ್ಲ. ತಪ್ಪಾಗುವುದು ಎಲ್ಲಿ? ಕಂಬವನ್ನು ತನ್ನ ಬಾಗಿಲಿಂದ ಎತ್ತಿ ಪಕ್ಕದವರ ಬಾಗಿಲಿಗೆ ನೆಡಿಸುವಲ್ಲಿ. ಪಕ್ಕದವಳು ವಿಧವೆಯಾಗಿದ್ದರೆ, ಕಾರಿಲ್ಲದವಳಾಗಿದ್ದರೆ, ಕಂಬಕ್ಕೆ ಅವಳ ಬಾಗಿಲೇ ಪ್ರಶಸ್ತವೆಂದು ಎಲ್ಲರಿಗೂ ತೋರುತ್ತದೆ. ಇಂದು ಕಾರಿಲ್ಲದವರ ಮಕ್ಕಳು ನಾಳೆ ಕಾರು ಕೊಂಡಾರು. ಕೊಳ್ಳದಿದ್ದರೂ ಬಾಗಿಲು ಬಾಗಿಲೇ. ಸ್ಟೇ ತಂತಿಯನ್ನು ಬಿಚ್ಚಿ ಕಾಂಪೌಂಡಿನ ಗೇಟಿಗೆ ಕಟ್ಟಿಕೊಂಡವರನ್ನು ಕುರಿತು ನಾನು ಏನನ್ನೂ ಬರೆಯುವುದಿಲ್ಲ. ಅವರ ಆಯುಸ್ಸು ಗಟ್ಟಿಯಾಗಿರಲಿ.

ಅನ್ಯದೇಶಗಳಲ್ಲಿ ಈ ತೊಡಕು ಇಲ್ಲವೆಂದಲ್ಲ. ಇಂಗ್ಲೆಂಡಿನಲ್ಲಿ ಮನೆಯವನು ಕಾಲುದಾರಿಯ ಅಂಚನ್ನು ತಗ್ಗಿಸಿ ಕಾರನ್ನು ಒಳಗೆ ತರಬೇಕಾದರೆ 1980ರ ಹೆದ್ದಾರಿ ಕಾಯಿದೆಯಂತೆ ಸ್ಥಳೀಯ ಆಡಳಿತದ ಅಪ್ಪಣೆ ಬೇಕು, ವೆಚ್ಚ ಅವನದು, ಬೀದಿಯ ಮರವೋ ದೀಪಸ್ತಂಭವೋ ಅಡ್ಡವಿದ್ದರೆ ಅಪ್ಪಣೆ ಸಿಕ್ಕದೆ ಹೋಗುವುದೂ ಉಂಟು. ಆದಕಾರಣ ಅಲ್ಲಿಯ ಜಾಣರು ಮನೆ ಕೊಳ್ಳುವ ಮೊದಲೇ ಬೀದಿಯನ್ನು ಪರೀಕ್ಷಿಸುತ್ತಾರೆ. ಜಪಾನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 1962ರಲ್ಲಿಯೇ ಒಂದು ಕಾಯಿದೆ ಮಾಡಿದರು: ಬೀದಿಯಲ್ಲದ ಸ್ಥಳದಲ್ಲಿ ಕಾರು ನಿಲ್ಲಿಸಲು ಜಾಗವುಂಟೆಂದು ಪೊಲೀಸರಿಂದ ಪ್ರಮಾಣಪತ್ರ ಪಡೆಯದೆ ಸಾಮಾನ್ಯವಾಗಿ ಯಾರೂ ಕಾರನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವಂತಿಲ್ಲ. ಆ ಜಾಗವು ಮನೆಯೊಳಗೇ ಇರಬೇಕೆಂದಿಲ್ಲ, ಎರಡು ಕಿಲೋಮೀಟರಿನೊಳಗೆ ಬಾಡಿಗೆಗೆ ಪಡೆದುದಾದರೂ ಸಾಕು. ಅಂದರೆ ಆ ಜನರು ಕಾರಿನಿಂದ ಮನೆಗೆ ನಡೆದುಹೋಗುತ್ತಾರೆ. ಮನೆಯ ಮೆಟ್ಟಿಲಿಗೇ ಕಾರು ಬಂದು ಮುಟ್ಟಬೇಕೆಂಬ ಹಟ ನಮ್ಮದು ಮಾತ್ರ. ಕೋಟೆಯಂಥ ಊರಿನಲ್ಲಿ ಒಂದು ಖಾಲಿ ನಿವೇಶನವನ್ನು ನಾಲ್ಕು ಮನೆಯವರು ಸೇರಿ ಬಾಡಿಗೆಗೆ ಹಿಡಿದರೆ ಎಷ್ಟು ಬೀದಿಗಳು ಉಳಿದಾವು! ಇದನ್ನು ಹೇಳಿದಾಗ ನನ್ನ ಮಗನು ನಕ್ಕನು. ನಗಲಿ, ಬಾಡಿಗೆಯ ದರವನ್ನು ವಿಚಾರಿಸಲಿ.

ನಮ್ಮಲ್ಲಿ ಕಾನೂನಿಲ್ಲವೆ? ಉಂಟು. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮವು ಬೀದಿಯ ಮೇಲಿನ, ಚರಂಡಿಯ ಮೇಲಿನ ಒತ್ತುವರಿಯನ್ನು ತೆಗೆಯುವ ಅಧಿಕಾರವನ್ನು ಪುರಸಭೆಗೂ ನಗರಸಭೆಗೂ ಕೊಟ್ಟಿದೆ. ನಡೆಯುವವರಿಗೆ ಕಾಲುದಾರಿ ಬೇಕೆಂಬುದು ಜೀವಿಸುವ ಹಕ್ಕಿನಲ್ಲಿಯೇ ಅಡಕವಾದುದೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿತು. ಆದರೆ ಇಳಿಜಾರು ಕಟ್ಟಿಕೊಂಡವರ ಮನೆಯ ಕಂದಾಯ ಸಕಾಲದಲ್ಲಿ ಸಲ್ಲುತ್ತದೆ, ಅವರ ಮತವೂ ಸಲ್ಲುತ್ತದೆ. ಕಾಲುದಾರಿಯಲ್ಲಿ ಎಡವಿ ಬೀಳುವ ಮುದುಕರ ಅರ್ಜಿ ಕಡತದಲ್ಲಿ ಸಲ್ಲುತ್ತದೆ. ಸಂಜೆ ಶಾಲೆ ಬಿಟ್ಟಾಗ ಮಾನಂದವಾಡಿ ರಸ್ತೆಗೆ ಸೇರುವ ಯಾವುದಾದರೊಂದು ಬೀದಿಯಲ್ಲಿ ವಾಚಕರು ಒಂದು ಗಳಿಗೆ ನಿಂತು ನೋಡಬೇಕು. ಮಕ್ಕಳು ಒಂದು ಇಳಿಜಾರಿನಿಂದ ಇನ್ನೊಂದು ಇಳಿಜಾರಿಗೆ ಏರಿ ಇಳಿಯಲಾರದೆ ಬೀದಿಯ ನಡುವಿಗೆ ಬರುತ್ತಾರೆ. ಅದೇ ಹೊತ್ತಿನಲ್ಲಿ ಕಾಡಿನ ಪ್ರಾಣಿಗಳನ್ನು ನೋಡಿ ಹಿಂದಿರುಗುವ ಪ್ರವಾಸಿಗಳ ಕಾರುಗಳು ವೇಗವಾಗಿ ಬರುತ್ತಿರುತ್ತವೆ. ಮೂವತ್ತೈದು ವರ್ಷ ಮಕ್ಕಳನ್ನು ಸಾಲಾಗಿ ನಡೆಸಿದವನಿಗೆ ಈ ದೃಶ್ಯವನ್ನು ನೋಡುವುದು ಕಷ್ಟ.

ಕೃಷ್ಣರಾಜನಗರದವರು ನನ್ನ ಮಾತನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಹಳೆಯ ಎಡತೊರೆಯನ್ನು ಕಾವೇರಿಯ ಪ್ರವಾಹವು ಬಾಧಿಸಿದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅವರ ಹೆಸರಿನಲ್ಲಿಯೇ, ನಕ್ಷೆ ಹಾಕಿ ನೇರವಾದ ಅಗಲವಾದ ಬೀದಿಗಳೊಡನೆ ಕಟ್ಟಿಸಿದ ಊರು ಅದು. ನೀರಿಗೆ ಹೆದರಿ ಹುಟ್ಟಿದ ಊರಿನಲ್ಲಿ ನೀರಿನ ದಾರಿಯನ್ನು ಕಟ್ಟುವುದು ವಿಚಿತ್ರವಲ್ಲವೆ? ಬೀದಿ ಅಗಲವಾಗಿದೆಯೆಂಬುದೇ ಈಗ ಒತ್ತುವರಿಗೆ ನೆಪವಾಗಿದೆ: “ಇಷ್ಟು ಅಗಲವಿದೆಯಲ್ಲ, ನಾವು ನಾಲ್ಕಡಿ ತೆಗೆದುಕೊಂಡರೇನು?” ಅಗಲವನ್ನು ಬಿಟ್ಟವರು ಕಾರನ್ನು ಕಂಡಿರಲಿಲ್ಲವೆ? ಕಂಡಿದ್ದರು, ಅರಮನೆಯಲ್ಲಿ ಮೋಟಾರುಗಳಿಗೆ ಕೊರತೆಯಿರಲಿಲ್ಲ. ಆದರೂ ಆ ಅಗಲವನ್ನು ಮನೆಗೆ ಸೇರಿಸಲಿಲ್ಲ, ಬೀದಿಗೆ ಸೇರಿಸಿದರು.

ಹಾಗಾದರೆ ಮನೆ ಕೊಳ್ಳುವವನು ಏನು ಮಾಡತಕ್ಕದ್ದು? ಮುಂಗಡ ಕೊಡುವ ಮೊದಲು, ಋಣಭಾರ ಪತ್ರವನ್ನೂ ಖಾತೆಯನ್ನೂ ನೋಡಿದಂತೆಯೇ, ಅಳತೆಯ ಟೇಪು ಹಿಡಿದು ಬೀದಿಯಲ್ಲಿ ನಿಲ್ಲಬೇಕು. ಮರ ಎಲ್ಲಿದೆ, ಕಂಬ ಎಲ್ಲಿದೆ, ತಂತಿ ಯಾವ ಕಡೆಗೆ ಬಿಗಿದಿದೆ, ಚರಂಡಿ ಯಾವ ಕಡೆಗೆ ಹರಿಯುತ್ತದೆ, ನೆಲ ಎಷ್ಟು ಎತ್ತರ ಎಂದು ಬರೆದುಕೊಳ್ಳಬೇಕು. ಸಾಧ್ಯವಾದರೆ ಮಳೆ ಬರುವ ದಿನ ಹೋಗಬೇಕು. ಅವುಗಳನ್ನು ಇದ್ದಂತೆಯೇ ಇಟ್ಟುಕೊಂಡು ಕಾರು ಒಳಗೆ ಹೋಗುವುದಾದರೆ ಅದು ಕಾರು ಹೋಗುವ ಮನೆ. ಇಲ್ಲದಿದ್ದರೆ ಅಲ್ಲ, ಬೆಲೆಯನ್ನು ಅದಕ್ಕೆ ತಕ್ಕಂತೆ ಮಾತಾಡಬೇಕು. “ಕಾರು ಹೋಗುತ್ತದೆ” ಎಂದು ಹೇಳಿ ಮಾರುವವನು ಬೀದಿಯ ಸ್ವತ್ತನ್ನು ತನ್ನದೆಂದು ಮಾರುತ್ತಿದ್ದಾನೆ. ಪುರಸಭೆಯವರೂ ಖಾತೆ ಬದಲಾಯಿಸುವಾಗ ಮನೆಯ ಮುಂದಣ ಮರ, ಕಂಬ, ಚರಂಡಿಗಳ ಒಂದು ನಕ್ಷೆಯನ್ನು ಲಗತ್ತಿಸಿದರೆ ಹೊಸಬನು ಮೋಸಹೋಗುವುದೂ ತಪ್ಪುತ್ತದೆ, ಮರ ಮಾಯವಾದರೆ ಯಾರ ಕಾಲದಲ್ಲಿ ಮಾಯವಾಯಿತೆಂಬುದೂ ತಿಳಿಯುತ್ತದೆ.

ನನ್ನ ಮಗನ ಮನೆಯನ್ನು ನಾನೇ ಅಳೆದು ನೋಡಿದ್ದೇನೆ. ಹೊಂಗೆಯ ಮರಕ್ಕೂ ಎಡಗಡೆಯ ಗಡಿಗೂ ನಡುವೆ 8 ಅಡಿ ಇದೆ. ಚಿಕ್ಕ ಕಾರಿನ ಅಗಲ ಐದೂವರೆ ಅಡಿಯಿಂದ ಆರಡಿಯೊಳಗೆ. ಗೇಟನ್ನು ಅಲ್ಲಿಗೆ ಸರಿಸಬಹುದು. ತೆಗೆಯುವ ಕೊಠಡಿಯ ನೆಲವನ್ನು ಬೀದಿಯ ಮಟ್ಟಕ್ಕೆ ಇಳಿಸಬಹುದು. ಚರಂಡಿಯ ಮೇಲೆ ಪುರಸಭೆಯ ಅಪ್ಪಣೆ ಪಡೆದು ಗೇಟಿನ ಅಗಲಕ್ಕೆ ಮಾತ್ರ, ಎತ್ತಿ ಇಡಲು ಬರುವ ಕಬ್ಬಿಣದ ಜಾಲರಿಯನ್ನು ಹಾಕಬಹುದು. ಮರವೂ ಉಳಿಯುತ್ತದೆ, ಕಂಬವೂ ಇದ್ದಲ್ಲಿಯೇ ಇರುತ್ತದೆ. ಬೀದಿ ಕಿರಿದಾದ್ದರಿಂದ ಒಳಗೆ ಬರಬೇಕಾದಾಗಲೆಲ್ಲ ಕಾರನ್ನು ಎರಡು ಸಲ ಹಿಂದಕ್ಕೂ ಮುಂದಕ್ಕೂ ಆಡಿಸಬೇಕಾಗುತ್ತದೆಂಬುದು ಅವನ ಆಕ್ಷೇಪಣೆ. ಆಡಿಸಲಿ. ನೆಲ ಇಳಿಸುವ ಖರ್ಚು ಹೆಚ್ಚೆಂಬುದು ಎರಡನೆಯ ಆಕ್ಷೇಪಣೆ. ಅದಕ್ಕೆ ನನ್ನ ನಿವೃತ್ತಿಯ ಹಣದಿಂದ ಸಹಾಯ ಮಾಡುತ್ತೇನೆಂದು ಹೇಳಿದ್ದೇನೆ. ಚಪ್ಪಡಿ ಎಳೆಯುವುದಾದರೆ ಆ ಮನೆಯ ಗೃಹಪ್ರವೇಶಕ್ಕೆ ನಾನು ಬರುವುದಿಲ್ಲವೆಂದೂ ಹೇಳಿದ್ದೇನೆ. ಅವನ ತಾಯಿ ಈ ಎರಡನೆಯ ಮಾತಿಗಾಗಿ ಹತ್ತು ದಿನಗಳಿಂದ ನನ್ನೊಡನೆ ಮಾತಾಡುತ್ತಿಲ್ಲ. ನೋಂದಣಿಗೆ ಇನ್ನೂ ಮೂರು ವಾರಗಳಿವೆ.

ಕೊನೆಯದಾಗಿ, ಈ ಪತ್ರಿಕೆಯನ್ನು ಪ್ರಕಟಿಸುವ ನಮ್ಮ ಸಂಘದ ಕಟ್ಟಡದ ಮುಂದೆಯೂ ಚರಂಡಿಯ ಮೇಲೆ ಮೂರು ಚಪ್ಪಡಿಗಳಿವೆ. ಅತಿಥಿಗಳ ಕಾರು ಮೆಟ್ಟಿಲವರೆಗೆ ಬರಲೆಂದು ಹಾಕಿಸಿದಾಗ ಕಾರ್ಯಕಾರೀ ಸಮಿತಿಯಲ್ಲಿ ನಾನೂ ಇದ್ದೆ, ಸಹಿಯನ್ನೂ ಹಾಕಿದ್ದೆ. ಮುಂದಿನ ತಿಂಗಳ ಸಭೆಯಲ್ಲಿ ಅವುಗಳನ್ನು ತೆಗೆಸಬೇಕೆಂಬ ನಿರ್ಣಯವನ್ನು ಮಂಡಿಸುತ್ತೇನೆ. ಅನುಮೋದಿಸುವವರು ಒಬ್ಬರು ಬೇಕು. ಹಾರೆ ನಮ್ಮ ಮನೆಯಲ್ಲಿದೆ.